ಟೊರಾಂಟೊದ ನೆಲಮಾಳಿಗೆ ಮತ್ತು ಅಂಚೆಗೆ ಬೀಳದ ಕಾಗದಗಳು

ಆಟದ ಪೀರಿಯಡ್ಡಿಗೆ ಸರಿಯಾಗಿ ಮಳೆ ಹಿಡಿದರೆ ನಮ್ಮ ಕಾಸರಗೋಡಿನ ಶಾಲೆಗಳಲ್ಲಿ ಮಕ್ಕಳದ್ದು ಒಂದೇ ಬೇಡಿಕೆ. "ಮಾಷ್ಟ್ರೇ, ಒಂದು ಕಥೆ ಹೇಳಿ. ಪತ್ತೇದಾರಿ ಕಥೆ." ಗದರಿಸೋಣವೆಂದರೆ ಆ ಹಕ್ಕು ನಮಗಿಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ವಾಚನಾಲಯದಿಂದ ತಂದು, ಸಮಾಜ ಪಾಠದ ಪುಸ್ತಕದೊಳಗೆ ಅಡಗಿಸಿಟ್ಟು ಓದಿದವರು ನಾವು. ಹಾಗಾಗಿ ಕಥೆ ಹೇಳುತ್ತೇವೆ. ಆದರೆ ಒಂದು ಷರತ್ತು: ಕಟ್ಟುಕಥೆ ಬೇಡ, ನಡೆದದ್ದೇ ಆಗಲಿ. ಇತಿಹಾಸದ ಪಾಠವೂ ಆಗಲಿ.

ಹಾಗೆ ನಾವು ಮತ್ತೆ ಮತ್ತೆ ಹೇಳುವ ಒಂದು ಘಟನೆ ಇದೆ. ಇದರಲ್ಲಿ ಬರುವ ಪತ್ತೇದಾರನಿಗೆ ಭೂತಗನ್ನಡಿ ಇಲ್ಲ, ಮಾರುವೇಷವಿಲ್ಲ, ಕುದುರೆ ಏರಿ ಬೆನ್ನಟ್ಟುವ ಭರಾಟೆ ಇಲ್ಲ. ಹೆಂಡತಿ ಮಗಳನ್ನು ಬೆಂಕಿಯಲ್ಲಿ ಕಳೆದುಕೊಂಡ ಒಬ್ಬ ನಡುವಯಸ್ಸಿನ ಮನುಷ್ಯ, ಕೈಯಲ್ಲಿ ಕೆಲವು ಫೋಟೋ, ಕೆಲವು ಕಾಗದ. ಅಷ್ಟನ್ನು ಹಿಡಿದುಕೊಂಡು ಪರದೇಶದ ಊರಿನ ಮನೆಮನೆಯ ಬಾಗಿಲು ತಟ್ಟಿದ. ಕಾಲ 1895ರ ಬೇಸಿಗೆ. ಊರು ಕೆನಡಾದ ಟೊರಾಂಟೊ.

ಹಣದ ಆಸೆಗೆ ಹೂಡಿದ ಆಟ

ಮೊದಲು ಹಿನ್ನೆಲೆ. ಅಮೆರಿಕದ ಷಿಕಾಗೊ ನಗರದಲ್ಲಿ ಎಚ್. ಎಚ್. ಹೋಮ್ಸ್ ಎಂಬವನಿದ್ದ. ತಂದೆತಾಯಿ ಇಟ್ಟ ಹೆಸರು ಹರ್ಮನ್ ವೆಬ್‌ಸ್ಟರ್ ಮಡ್ಜೆಟ್. ಹುಟ್ಟಿದ್ದು 1861ರಲ್ಲಿ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದಿ 1884ರಲ್ಲಿ ವೈದ್ಯಕೀಯ ಪದವಿ ಪಡೆದವನು. ನೋಡಲು ಸಭ್ಯಸ್ಥ, ಮಾತು ಜೇನು. ಸಾಲ ತಂದು ತೀರಿಸದಿರುವುದು, ಊರಿಗೊಂದು ಹೆಸರು ಹೇಳುವುದು, ಒಬ್ಬಳು ಇರುವಾಗಲೇ ಇನ್ನೊಬ್ಬಳನ್ನು ಮದುವೆಯಾಗುವುದು ಇವೆಲ್ಲ ಅವನಿಗೆ ನೀರು ಕುಡಿದಷ್ಟು ಸಲೀಸು.

ಅವನ ಬಲಗೈ ಬೆಂಜಮಿನ್ ಪಿಟೆಜೆಲ್ ಎಂಬ ಬಡಗಿ. ಇವನಿಗೆ ಹೆಂಡತಿ ಕ್ಯಾರಿ, ಐವರು ಮಕ್ಕಳು. ದೊಡ್ಡವಳು ಡೆಸಿ, ಆಮೇಲೆ ಆಲಿಸ್, ನೆಲ್ಲಿ, ಹೊವಾರ್ಡ್, ಕೊನೆಗೊಂದು ಕೈಕೂಸು.

ಇಬ್ಬರೂ ಸೇರಿ ಒಂದು ಮೋಸದ ಯೋಜನೆ ಹಾಕಿದರು. ಫಿಲಡೆಲ್ಫಿಯಾದ ವಿಮಾ ಕಂಪೆನಿಯೊಂದರಲ್ಲಿ ಪಿಟೆಜೆಲ್‌ನ ಹೆಸರಿನಲ್ಲಿ ಹತ್ತು ಸಾವಿರ ಡಾಲರಿನ ಪಾಲಿಸಿ ಮಾಡಿಸುವುದು. ಆತ ಅದೇ ಊರಿನಲ್ಲಿ ಬೇರೆ ಹೆಸರಿನಿಂದ ಅಂಗಡಿ ತೆರೆಯುವುದು. ಎಲ್ಲಿಂದಲಾದರೂ ಒಂದು ಅನಾಥ ಹೆಣ ತಂದಿಟ್ಟು, ಸತ್ತದ್ದು ಪಿಟೆಜೆಲ್ ಎಂದು ನಂಬಿಸಿ ಹಣ ಎತ್ತುವುದು. ಪಿಟೆಜೆಲ್ ತಿಳಿದುಕೊಂಡದ್ದು ಇಷ್ಟು. ಹೋಮ್ಸ್‌ನ ಮನಸ್ಸಿನಲ್ಲಿ ಇದ್ದದ್ದು ಬೇರೆ. ಬೇರೆ ಹೆಣ ಹುಡುಕುವ ತೊಂದರೆ ಅವನಿಗೆ ಬೇಕಿರಲಿಲ್ಲ. 1894ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಆ ಅಂಗಡಿಯಲ್ಲಿ ಸಿಕ್ಕಿದ್ದು ಪಿಟೆಜೆಲ್‌ನದೇ ಹೆಣ.

ಗುರುತು ಹಿಡಿಯಲು ಮನೆಯವರು ಯಾರಾದರೂ ಬರಬೇಕಲ್ಲ? ಕ್ಯಾರಿಗೆ ಹುಷಾರಿರಲಿಲ್ಲ. ಹದಿನೈದರ ಆಸುಪಾಸಿನ ಆಲಿಸ್‌ಳನ್ನು ಹೋಮ್ಸ್ ಕರೆತಂದ. ಹೂತಿದ್ದ ದೇಹವನ್ನು ಹೊರತೆಗೆಸಿ, ಹಲ್ಲುಗಳನ್ನಷ್ಟೇ ತೋರಿಸಿದರು. ಆ ಹುಡುಗಿ ತನ್ನ ಅಪ್ಪನೇ ಎಂದಳು. ವಿಮೆಯ ಹಣ ಬಂತು. ಆಲಿಸ್ ಮಾತ್ರ ಮನೆಗೆ ಮರಳಲಿಲ್ಲ. ಅವಳಿಗೆ ಜೊತೆಯಾಗಲಿ ಎಂಬ ನೆಪ ಹೇಳಿ ನೆಲ್ಲಿ, ಹೊವಾರ್ಡ್ ಇಬ್ಬರನ್ನೂ ಹೋಮ್ಸ್ ತಾಯಿಯ ಕೈಯಿಂದ ಬಿಡಿಸಿಕೊಂಡು ಹೋದ. ಗಂಡ ಎಲ್ಲೋ ಬದುಕಿ ಅಡಗಿದ್ದಾನೆ, ಎಲ್ಲರೂ ಮತ್ತೆ ಒಂದಾಗುತ್ತೇವೆ ಎಂದೇ ಕ್ಯಾರಿ ನಂಬಿದ್ದಳು.

ಮುಂದೆ ನಡೆದದ್ದನ್ನು ಕೇಳಿದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಮೂವರು ಮಕ್ಕಳದ್ದು ಒಂದು ತಂಡ. ತಾಯಿ, ದೊಡ್ಡ ಮಗಳು, ಕೈಕೂಸು ಇನ್ನೊಂದು ತಂಡ. ಹೋಮ್ಸ್‌ನ ಹೊಸ ಹೆಂಡತಿ ಮತ್ತೊಂದು ಕಡೆ. ಈ ಮೂವರನ್ನೂ ಒಬ್ಬರಿಗೊಬ್ಬರು ಗೊತ್ತಾಗದಂತೆ ಅವನು ಊರಿಂದೂರಿಗೆ ಸಾಗಿಸುತ್ತಿದ್ದ, ಚದುರಂಗದ ಕಾಯಿ ನಡೆಸಿದ ಹಾಗೆ. ಡೆಟ್ರಾಯಿಟ್ ನಗರದಲ್ಲಿ ತಾಯಿ ಇಳಿದಿದ್ದ ಹೋಟೆಲಿಗೂ ಮಕ್ಕಳಿದ್ದ ಬಿಡಾರಕ್ಕೂ ಕೆಲವೇ ಬೀದಿಗಳ ಅಂತರ. ತಾಯಿಗೆ ಮಕ್ಕಳು ಹತ್ತಿರದಲ್ಲೇ ಇದ್ದಾರೆಂದು ಗೊತ್ತಿಲ್ಲ. ಮಕ್ಕಳಿಗೆ ತಾಯಿ ಹತ್ತಿರದಲ್ಲೇ ಇದ್ದಾಳೆಂದು ಗೊತ್ತಿಲ್ಲ.

ಮೋಸ ಹೊರಬಿದ್ದದ್ದು ಕಳ್ಳರೊಳಗಿನ ಜಗಳದಿಂದ. ಹಿಂದೆ ಸೇಂಟ್ ಲೂಯಿಸ್ ನಗರದ ಜೈಲಿನಲ್ಲಿದ್ದಾಗ ಹೋಮ್ಸ್ ಅಲ್ಲಿನ ಒಬ್ಬ ರೈಲುಗಳ್ಳನಿಗೆ ಈ ಯೋಜನೆ ತಿಳಿಸಿ, ನಂಬಿಕಸ್ಥ ವಕೀಲನೊಬ್ಬನನ್ನು ತೋರಿಸಿಕೊಟ್ಟರೆ 500 ಡಾಲರ್ ಕೊಡುವುದಾಗಿ ಹೇಳಿದ್ದ. ಕೊಡಲಿಲ್ಲ. ಸಿಟ್ಟಿಗೆದ್ದ ರೈಲುಗಳ್ಳ ಎಲ್ಲವನ್ನೂ ಬಾಯಿಬಿಟ್ಟ. 1894ರ ನವೆಂಬರ್ 17ರಂದು ಬೋಸ್ಟನ್‌ನಲ್ಲಿ ಹೋಮ್ಸ್ ಸಿಕ್ಕಿಬಿದ್ದ.

ಮಕ್ಕಳೆಲ್ಲಿ? ಒಮ್ಮೆ ಒಂದು ಹೇಳಿದ, ಇನ್ನೊಮ್ಮೆ ಇನ್ನೊಂದು. ಪರಿಚಯದ ಹೆಂಗಸೊಬ್ಬಳ ಜೊತೆ ಲಂಡನ್ನಿಗೆ ಹೋಗಿದ್ದಾರೆಂದು ಒಂದು ವಿಳಾಸವನ್ನೂ ಕೊಟ್ಟ. ವಿಚಾರಿಸಿದರೆ ಲಂಡನ್ನಿನಲ್ಲಿ ಅಂಥ ಬೀದಿಯೇ ಇರಲಿಲ್ಲ. ಹೀಗೆ ತಿಂಗಳುಗಳು ಉರುಳಿದವು. ನಾವು ಮಕ್ಕಳಿಗೆ ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇವೆ: ಹತ್ತು ಸಾವಿರ ಡಾಲರ್ ಹೋಯಿತೆಂದಾಗ ಹುಡುಕಾಟ ತಕ್ಷಣ ಶುರುವಾಯಿತು. ಮೂವರು ಮಕ್ಕಳಿಗಾಗಿ ಒಬ್ಬ ಮನುಷ್ಯ ಚೀಲ ಹೆಗಲಿಗೇರಿಸಿ ಹೊರಡಲು ಏಳು ತಿಂಗಳು ಹಿಡಿಯಿತು.

ಗೈಯರ್ ಹೊರಟ

ಆ ಮನುಷ್ಯನ ಹೆಸರು ಫ್ರಾಂಕ್ ಗೈಯರ್. ಫಿಲಡೆಲ್ಫಿಯಾ ಪೊಲೀಸ್ ಇಲಾಖೆಯ ಅನುಭವಿ ಪತ್ತೇದಾರ. 1895ರ ಆರಂಭದ ತಿಂಗಳುಗಳಲ್ಲಿ ಅವನ ಮನೆಗೆ ಬೆಂಕಿ ಬಿದ್ದು ಹೆಂಡತಿ ಮಾರ್ಥಾ, ಹನ್ನೆರಡು ವರ್ಷದ ಒಬ್ಬಳೇ ಮಗಳು ಎಸ್ತರ್ ಇಬ್ಬರೂ ತೀರಿಕೊಂಡಿದ್ದರು. ಆ ನೋವು ಆರುವ ಮುಂಚೆಯೇ ಬಂದದ್ದು ಈ ಕೆಲಸ. ನೆಲ್ಲಿಗೆ ಹನ್ನೊಂದು, ಆಲಿಸ್‌ಗೆ ಹದಿನೈದು. ನಡುವೆ ಎಸ್ತರ್‌ಳ ಹನ್ನೆರಡು. ಲೆಕ್ಕ ನಾವು ಹಾಕಬೇಕಾಗಿಲ್ಲ, ಅವನೇ ದಾರಿಯುದ್ದಕ್ಕೂ ಹಾಕಿಕೊಂಡಿರಬೇಕು.

ಜಿಲ್ಲಾ ಅಟಾರ್ನಿ ಜಾರ್ಜ್ ಗ್ರಹಾಂ ಅವರ ಕಚೇರಿಯಲ್ಲಿ ಹೆಚ್ಚಿನವರಿಗೆ ಈ ಹುಡುಕಾಟದಲ್ಲಿ ನಂಬಿಕೆ ಇರಲಿಲ್ಲ. ಮಕ್ಕಳು ಕಾಣೆಯಾಗಿ ಎಂಟು ಒಂಬತ್ತು ತಿಂಗಳು ಕಳೆದಿದ್ದವು. ಹೋಟೆಲುಗಳಲ್ಲಿ ದಿನಕ್ಕೆ ನೂರು ಜನ ಬಂದು ಹೋಗುತ್ತಾರೆ, ಯಾರ ನೆನಪು ಯಾರಿಗೆ ಇರುತ್ತದೆ? ಆದರೂ ಕೊನೆಯ ಪ್ರಯತ್ನವೆಂದು ಜೂನ್ 26ರ ಸಂಜೆ ಗೈಯರ್ ರೈಲು ಹತ್ತಿದ. ಕೈಯಲ್ಲಿ ಹೋಮ್ಸ್‌ನ ಮತ್ತು ಮಕ್ಕಳ ಫೋಟೋಗಳು, ಟ್ರಂಕುಗಳ ವಿವರ, ಜೊತೆಗೆ ಒಂದಷ್ಟು ಕಾಗದಗಳು.

ಈ ಕಾಗದಗಳೇ ನಮ್ಮ ಕಥೆಯ ಜೀವ.

ಹೋಮ್ಸ್ ಸಿಕ್ಕಿಬಿದ್ದಾಗ ಅವನ ಬಳಿ ಒಂದು ತಗಡಿನ ಪೆಟ್ಟಿಗೆ ಇತ್ತು. ಅದರಲ್ಲಿ ಆಲಿಸ್ ಮತ್ತು ನೆಲ್ಲಿ ಊರೂರಿನಿಂದ ಅಮ್ಮನಿಗೆ, ಅಜ್ಜ ಅಜ್ಜಿಗೆ ಬರೆದ ಕಾಗದಗಳಿದ್ದವು. ಅಂಚೆಗೆ ಹಾಕುತ್ತೇನೆಂದು ಇಸಿದುಕೊಂಡು ಅವನು ಒಂದನ್ನೂ ಹಾಕಿರಲಿಲ್ಲ. ಸುಟ್ಟೂ ಇರಲಿಲ್ಲ. ಅತಿಬುದ್ಧಿವಂತನೆಂದು ಲೋಕ ಹೊಗಳಿದವನ ತಪ್ಪು ಇದು. ಅಮ್ಮನಿಂದ ಒಂದು ಸಾಲು ಉತ್ತರವೂ ಬರುವುದಿಲ್ಲವಲ್ಲ ಎಂದು ಕೊರಗುತ್ತಾ ಆ ಹುಡುಗಿಯರು ಬರೆಯುತ್ತಲೇ ಇದ್ದರು.

ಏನು ಬರೆದಿದ್ದರು? ದೊಡ್ಡ ಸಂಗತಿ ಏನೂ ಇಲ್ಲ. ಯಾವ ಹೋಟೆಲಿನಲ್ಲಿದ್ದೇವೆ, ಊರು ಹೇಗಿದೆ, ಚಳಿಗೆ ಬೆಚ್ಚನೆಯ ಬಟ್ಟೆ ಇಲ್ಲ, ಹೊರಗೆ ಹೋಗಲು ಬಿಡುವುದಿಲ್ಲ, ದಿನವಿಡೀ ಕೋಣೆಯಲ್ಲೇ ಕೂರಬೇಕು, ಅಮ್ಮನ ನೆನಪಾಗಿ ಅಳು ಬರುತ್ತದೆ, ತಮ್ಮ ಹೇಳಿದ ಮಾತು ಕೇಳುವುದಿಲ್ಲ. ಇಂಥವೇ. ಆದರೆ ಗೈಯರ್‌ಗೆ ಇವೇ ನಕ್ಷೆಯಾದವು. ಯಾವ ಊರು, ಅದಾದ ಮೇಲೆ ಯಾವ ಊರು ಎಂಬುದು ಇವುಗಳಿಂದಲೇ ತಿಳಿಯಿತು.

ರಿಜಿಸ್ಟರಿನ ಒಂದು ಹೆಸರು

ಮೊದಲ ನಿಲ್ದಾಣ ಸಿನ್ಸಿನಾಟಿ. ಸ್ಥಳೀಯ ಪೊಲೀಸನೊಬ್ಬನನ್ನು ಜೊತೆ ಮಾಡಿಕೊಂಡು ಗೈಯರ್ ರೈಲು ನಿಲ್ದಾಣದ ಸುತ್ತಲಿನ ಅಗ್ಗದ ಹೋಟೆಲುಗಳನ್ನು ಒಂದೊಂದಾಗಿ ಹೊಕ್ಕ. ಹಿಂದಿನ ವರ್ಷದ ಸೆಪ್ಟೆಂಬರ್ ಕೊನೆಯ ರಿಜಿಸ್ಟರ್ ತೆಗೆಸಿ ಬೆರಳಿಟ್ಟು ಓದಿದ. ಒಂದರಲ್ಲಿ ಸಿಕ್ಕಿತು: ಅಲೆಕ್ಸ್ ಇ. ಕುಕ್ ಮತ್ತು ಮೂವರು ಮಕ್ಕಳು. ಫೋಟೋ ತೋರಿಸಿದಾಗ ಹೋಟೆಲಿನವರು ತಲೆಯಾಡಿಸಿದರು.

ಅದೇ ಊರಿನಲ್ಲಿ ಹೋಮ್ಸ್ ಒಂದು ಮನೆಯನ್ನೂ ಬಾಡಿಗೆಗೆ ಹಿಡಿದಿದ್ದ. ಸಾಮಾನು ಎಂದರೆ ಒಂದೇ ಒಂದು ಭಾರೀ ಒಲೆ. ಕುರ್ಚಿ ಇಲ್ಲ, ಮಂಚವಿಲ್ಲ, ಒಲೆ ಮಾತ್ರ! ಪಕ್ಕದ ಮನೆಯಾಕೆ ಇದನ್ನು ಗಮನಿಸಿ ಅವರಿವರಲ್ಲಿ ಹೇಳಿದ್ದು ಅವನ ಕಿವಿಗೆ ಬಿತ್ತೇನೋ, ಮರುದಿನವೇ ಬಂದು ಒಲೆಯನ್ನು ಆಕೆಗೇ ಬಿಟ್ಟುಕೊಟ್ಟು ಊರು ಬಿಟ್ಟ. ಊರಿನ ಕುತೂಹಲದ ಕಣ್ಣನ್ನು ನಾವು ಹಳಿಯುವುದುಂಟು. ಒಮ್ಮೊಮ್ಮೆ ಆ ಕಣ್ಣೇ ಮಕ್ಕಳ ಕಾವಲು. ಅಲ್ಲಿಗೆ ಮೂವರ ಆಯುಷ್ಯ ಕೆಲವು ದಿನಗಳಷ್ಟಾದರೂ ಮುಂದಕ್ಕೆ ಹೋಯಿತು.

ಮುಂದೆ ಇಂಡಿಯಾನಾಪೊಲಿಸ್. ಅಲ್ಲಿಯ ಹೋಟೆಲಿನ ರಿಜಿಸ್ಟರಿನಲ್ಲಿ ಗೈಯರ್ ಕಂಡದ್ದು 'ಕ್ಯಾನಿಂಗ್ ಮಕ್ಕಳು ಮೂವರು' ಎಂಬ ದಾಖಲೆ. ಕ್ಯಾನಿಂಗ್ ಎಂಬುದು ಕ್ಯಾರಿಯ ತವರುಮನೆಯ ಹೆಸರು. ಪಿಟೆಜೆಲ್ ಎಂಬ ಹೆಸರು ಎಲ್ಲೂ ಇಲ್ಲ, ಆದರೆ ಅಜ್ಜನ ಮನೆಯ ಹೆಸರು ಇದೆ. ಈ ಒಂದು ಪದವೇ ಮುಂದಿನ ಊರುಗಳಲ್ಲಿ ಅವನಿಗೆ ದೀಪವಾಯಿತು. ಅಲ್ಲಿನ ಇನ್ನೊಂದು ಹೋಟೆಲಿನ ಯಜಮಾನನಿಗೆ ಮಕ್ಕಳ ನೆನಪು ಚೆನ್ನಾಗಿತ್ತು. ಕೋಣೆಯಲ್ಲಿ ಕುಳಿತು ಅಳುತ್ತಿದ್ದರಂತೆ. ಹುಡುಗ ತುಂಬಾ ತಂಟೆಕೋರ, ಎಲ್ಲಾದರೂ ಸೇರಿಸಿಬಿಡಬೇಕು ಎಂದು ಹೋಮ್ಸ್ ಹೇಳಿದ್ದನಂತೆ.

ಡೆಟ್ರಾಯಿಟ್‌ಗೆ ಬಂದಾಗ ಗೈಯರ್‌ಗೆ ಗೊತ್ತಾಯಿತು, ಅಲ್ಲಿ ಇಳಿದದ್ದು ಇಬ್ಬರೇ ಹುಡುಗಿಯರು. ಆಲಿಸ್ ಅಲ್ಲಿಂದ ಬರೆದ ಕಾಗದದಲ್ಲೂ ಚಳಿಯ ಮಾತು, ಬಟ್ಟೆಯ ಮಾತಿನ ನಡುವೆ, ಹೊವಾರ್ಡ್ ಈಗ ನಮ್ಮ ಜೊತೆ ಇಲ್ಲ ಎಂಬ ಅರ್ಥದ ಒಂದು ಮಾತಿತ್ತು. ಯಾಕೆ ಇಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ. ಓದಿದ ಗೈಯರ್‌ಗೆ ಊಹೆಯಾಯಿತು. ಹುಡುಗನ ಗತಿ ಏನೇ ಆಗಿದ್ದರೂ ಅದು ಡೆಟ್ರಾಯಿಟ್ ಮುಟ್ಟುವ ಮುಂಚೆಯೇ ಆಗಿದೆ.

ಪರದೇಶದ ಊರಿನಲ್ಲಿ

ಜುಲೈ 8ರಂದು ಗೈಯರ್ ಗಡಿ ದಾಟಿ ಟೊರಾಂಟೊ ತಲುಪಿದ.

ಗಡಿ ಎಂಬ ಮಾತು ನಮಗೆ ಹೊಸತಲ್ಲ. ತಲಪಾಡಿಯ ಆಚೆ ಈಚೆ ದಿನಾ ಓಡಾಡುವವರು ನಾವು. ಆಚೆಯ ಕಚೇರಿಯ ಕಾಗದ ಈಚೆಯ ಕಚೇರಿಯಲ್ಲಿ ನಡೆಯದು ಎಂಬುದನ್ನು ಅನುಭವಿಸಿಯೇ ಬಲ್ಲೆವು. ಗೈಯರ್‌ನದ್ದು ರಾಜ್ಯದ ಗಡಿಯಲ್ಲ, ದೇಶದ ಗಡಿ. ಕೆನಡಾ ಆಗ ಬ್ರಿಟಿಷ್ ಸಾಮ್ರಾಜ್ಯಕ್ಕೆ ಸೇರಿದ ನಾಡು. ಭಾಷೆ ಒಂದೇ ಇರಬಹುದು, ಕಾನೂನು ಬೇರೆ, ದೊರೆ ಬೇರೆ. ಫಿಲಡೆಲ್ಫಿಯಾ ಪೊಲೀಸಿನ ಬಿಲ್ಲೆಗೆ ಅಲ್ಲಿ ಬೆಲೆ ಇಲ್ಲ. ಯಾರ ಮನೆಯೊಳಗೂ ನುಗ್ಗುವ ಅಧಿಕಾರವಿಲ್ಲ. ಟೊರಾಂಟೊ ಪೊಲೀಸರು ಆಲ್ಫ್ ಕಡಿ ಎಂಬ ತಮ್ಮ ಪತ್ತೇದಾರನನ್ನು ಅವನ ಜೊತೆಗೆ ಕೊಟ್ಟರು. ಆಮೇಲಿನ ಒಂದು ವಾರ ಇಬ್ಬರೂ ಒಟ್ಟಿಗೇ ತಿರುಗಿದರು.

ಹೋಟೆಲುಗಳ ರಿಜಿಸ್ಟರ್ ಇಲ್ಲಿಯೂ ಮಾತಾಡಿತು. ಆಲ್ಬಿಯನ್ ಹೋಟೆಲಿನಲ್ಲಿ ಆಲಿಸ್ ಕ್ಯಾನಿಂಗ್, ನೆಲ್ಲಿ ಕ್ಯಾನಿಂಗ್. ಬಂದದ್ದು 1894ರ ಅಕ್ಟೋಬರ್ 19. ಬೇರೊಂದು ಹೋಟೆಲಿನಲ್ಲಿ ಹೋಮ್ಸ್ ಮತ್ತು ಹೊಸ ಹೆಂಡತಿ. ಮತ್ತೊಂದರಲ್ಲಿ ಬೇರೆ ಹೆಸರಿನಲ್ಲಿ ಕ್ಯಾರಿ. ಇಲ್ಲಿಯೂ ತಾಯಿ ಮಕ್ಕಳು ಒಂದೇ ಊರಿನಲ್ಲಿ! ಆಲ್ಬಿಯನ್ ಹೋಟೆಲಿನ ಗುಮಾಸ್ತನಿಗೆ ನೆನಪಿತ್ತು. ಬೆಳಗ್ಗೆ ಒಬ್ಬ ಬಂದು ಹುಡುಗಿಯರನ್ನು ಕರೆದೊಯ್ಯುತ್ತಿದ್ದ, ಸಂಜೆ ಬಿಡುತ್ತಿದ್ದ. ಅಕ್ಟೋಬರ್ 25ರ ಬೆಳಗ್ಗೆ ಕರೆದೊಯ್ದ. ಸಂಜೆ ಅವರು ಬರಲಿಲ್ಲ.

ಸಿನ್ಸಿನಾಟಿಯ ಒಲೆ ಗೈಯರ್‌ನ ತಲೆಯಲ್ಲಿತ್ತು. ಟೊರಾಂಟೊದಲ್ಲೂ ಹೋಮ್ಸ್ ಒಂದು ಮನೆ ಹಿಡಿದಿರಲೇಬೇಕು ಎಂದು ಅವನ ತರ್ಕ. ಆದರೆ ಆ ದೊಡ್ಡ ಊರಿನಲ್ಲಿ ಎಲ್ಲಿ ಅಂತ ಹುಡುಕುವುದು? ಇಬ್ಬರೂ ಊರಿನ ಮನೆ ದಲ್ಲಾಳಿಗಳ ಪಟ್ಟಿ ಮಾಡಿಕೊಂಡರು. ಜುಲೈ ತಿಂಗಳ ಸೆಖೆಯಲ್ಲಿ ಒಂದೊಂದೇ ಕಚೇರಿಯ ಮೆಟ್ಟಿಲು ಹತ್ತಿದರು. ಒಂದೇ ಪ್ರಶ್ನೆ, ಒಂದೇ ಫೋಟೋ. ಹಿಂದಿನ ಅಕ್ಟೋಬರಿನಲ್ಲಿ ಇಂಥವನೊಬ್ಬ ಕೆಲವೇ ದಿನಕ್ಕೆ ಮನೆ ಹಿಡಿದದ್ದುಂಟೇ? ಇಲ್ಲ, ಇಲ್ಲ, ಇಲ್ಲ. ಹೋದಲ್ಲೆಲ್ಲ ಪುಸ್ತಕ ತಿರುವಿಸಬೇಕು, ಕಥೆ ಮೊದಲಿನಿಂದ ಹೇಳಬೇಕು. ಊರಂಚಿನ ಒಂದು ಮನೆಯ ಸುಳಿವು ಸಿಕ್ಕಿ ಅಲ್ಲಿಗೆ ಹೋಗಿ ನೆಲ ಅಗೆದರು. ಏನೂ ಇಲ್ಲ. ಅದು ಬೇರೆಯೇ ಯಾರೋ ಹಿಡಿದ ಮನೆ.

ಸೋತ ಗೈಯರ್ ಒಂದು ಬುದ್ಧಿವಂತಿಕೆ ಮಾಡಿದ. ಪತ್ರಿಕೆಯವರನ್ನು ಕರೆದು ಎಲ್ಲವನ್ನೂ ಹೇಳಿದ. ಊರವರೇ ತನ್ನ ಕಣ್ಣಾಗಲಿ ಎಂದು. ಮರುದಿನ ಊರಿಡೀ ಅದೇ ಮಾತು.

ಸೇಂಟ್ ವಿನ್ಸೆಂಟ್ ಬೀದಿಯ 18ನೇ ನಂಬರಿನ ಮನೆಯಲ್ಲಿ ಥಾಮಸ್ ರೈವ್ಸ್ ಎಂಬ ಮುದುಕನಿದ್ದ. ಪತ್ರಿಕೆಯ ಸುದ್ದಿ ಓದಿದಾಗ ಅವನಿಗೆ ಪಕ್ಕದ 16ನೇ ನಂಬರಿನ ಮನೆಗೆ ಹಿಂದಿನ ಅಕ್ಟೋಬರಿನಲ್ಲಿ ಬಂದವನೊಬ್ಬನ ನೆನಪಾಯಿತು. ತಂದ ಸಾಮಾನು ಹಾಸಿಗೆ, ಮಂಚ ಮತ್ತು ಒಂದು ದೊಡ್ಡ ಟ್ರಂಕು. ತಂಗಿ ಬರುತ್ತಾಳೆ, ನೆಲಮಾಳಿಗೆಯಲ್ಲಿ ಬಟಾಟೆ ಇಡಲು ಗುಂಡಿ ತೋಡಬೇಕು ಎಂದು ಹೇಳಿ ರೈವ್ಸ್‌ನಿಂದಲೇ ಒಂದು ಸನಿಕೆ ಎರವಲು ಪಡೆದಿದ್ದ. ಕೆಲಸ ಮುಗಿದ ಮೇಲೆ ಸನಿಕೆಯನ್ನು ತಿರುಗಿ ಕೊಟ್ಟೂ ಇದ್ದ.

ಜುಲೈ 15, ಸೋಮವಾರ. ಗೈಯರ್ ಮತ್ತು ಕಡಿ ಮನೆಯ ಒಡತಿಯ ಬಳಿ ಹೋಗಿ ಫೋಟೋ ತೋರಿಸಿದರು. ಆಕೆ ಹೋಮ್ಸ್‌ನ ಗುರುತು ಹಿಡಿದಳು. ಅಲ್ಲಿಂದ ನೇರ ಸೇಂಟ್ ವಿನ್ಸೆಂಟ್ ಬೀದಿ. ರೈವ್ಸ್‌ನ ಮನೆಗೆ ಹೋಗಿ ಗೈಯರ್ ಕೇಳಿದ್ದು ಆ ಸನಿಕೆಯನ್ನೇ. 16ನೇ ನಂಬರಿನಲ್ಲಿ ಆಗ ಬೇರೊಂದು ಸಂಸಾರ ಬಾಡಿಗೆಗಿತ್ತು. ಪಾಪ, ಅವರಿಗೇನು ಗೊತ್ತು? ಅಡುಗೆಮನೆಯ ನೆಲದಲ್ಲಿ ಒಂದು ಮುಚ್ಚಳದ ಬಾಗಿಲು. ಅದರ ಕೆಳಗೆ ನೆಟ್ಟಗೆ ನಿಲ್ಲಲೂ ಆಗದಷ್ಟು ತಗ್ಗಾದ ಮಣ್ಣುನೆಲದ ನೆಲಮಾಳಿಗೆ. ದೀಪ ಹಿಡಿದು ಇಳಿದು ಸನಿಕೆಯ ತುದಿಯಿಂದ ನೆಲವನ್ನು ಒತ್ತುತ್ತಾ ಹೋದರು. ಒಂದು ಮೂಲೆಯಲ್ಲಿ ಮಣ್ಣು ಮೆತ್ತಗಿತ್ತು. ಒಂದಡಿ ಅಗೆಯುವಷ್ಟರಲ್ಲಿ ವಾಸನೆ ಹೇಳಿತು. ಮೂರಡಿ ಆಳದಲ್ಲಿ ಆಲಿಸ್ ಮತ್ತು ನೆಲ್ಲಿ ಸಿಕ್ಕಿದರು.

ಇಲ್ಲಿ ತರಗತಿ ಸ್ತಬ್ಧವಾಗುತ್ತದೆ. ನಾವೂ ಹೆಚ್ಚು ಹೇಳುವುದಿಲ್ಲ.

ಗುರುತಿಗೆ ಆಧಾರ ಬೇಕಲ್ಲ? ಆ ಮನೆಯಲ್ಲಿ ನಡುವೆ ಇದ್ದು ಹೋದ ಸಂಸಾರದ ಒಬ್ಬ ಹುಡುಗನಿಗೆ ಅಲ್ಲಿ ಒಂದು ಮರದ ಮೊಟ್ಟೆ ಸಿಕ್ಕಿತ್ತು. ತೆರೆದರೆ ಒಳಗಿಂದ ಹಾವು ಚಿಮ್ಮುವ ಆಟಿಕೆ. ಕ್ಯಾರಿ ಬರೆಸಿಕೊಟ್ಟಿದ್ದ ಮಕ್ಕಳ ಆಟಿಕೆಗಳ ಪಟ್ಟಿಯಲ್ಲಿ ಅದೂ ಇತ್ತು. ಬಳಿಕ ಕ್ಯಾರಿಯನ್ನೇ ಟೊರಾಂಟೊಗೆ ಕರೆಸಿದರು. ಕೂದಲು, ಹಲ್ಲು ಇಷ್ಟನ್ನೇ ನೋಡಿ ಆ ತಾಯಿ ತನ್ನ ಮಕ್ಕಳೆಂದು ಹೇಳಬೇಕಾಯಿತು. ಹತ್ತು ತಿಂಗಳ ಹಿಂದೆ ಆಲಿಸ್ ತನ್ನ ಅಪ್ಪನನ್ನು ಹಲ್ಲು ನೋಡಿ ಗುರುತಿಸಿದ್ದಳು. ಈಗ ಅಮ್ಮ ಆಲಿಸ್‌ಳನ್ನು. ಹುಡುಗಿಯರಿಬ್ಬರನ್ನೂ ಟೊರಾಂಟೊದ ಮಣ್ಣಿನಲ್ಲೇ ಹೂತರು.

ಉಳಿದವನು ಹೊವಾರ್ಡ್

ಇಷ್ಟಕ್ಕೇ ಹೋಮ್ಸ್‌ನ ಸುಳ್ಳು ಬಯಲಾಗಿತ್ತು. ಪತ್ರಿಕೆಗಳು ಗೈಯರ್‌ನನ್ನು ಕೊಂಡಾಡಿದವು. ಅವನು ಮನೆಗೆ ಹಿಂದಿರುಗಬಹುದಿತ್ತು. ಆದರೆ ಲೆಕ್ಕದಲ್ಲಿ ಒಬ್ಬ ಕಡಿಮೆ.

ಆಲಿಸ್‌ಳ ಕಾಗದವನ್ನು ನೆಚ್ಚಿ ಗೈಯರ್ ಡೆಟ್ರಾಯಿಟ್‌ಗೆ, ಅಲ್ಲಿಂದ ಇಂಡಿಯಾನಾಪೊಲಿಸ್‌ಗೆ ಮರಳಿದ. ಈ ಬಾರಿ ಹೆಸರಾದ ಪತ್ತೇದಾರ. ಹೋದಲ್ಲೆಲ್ಲ ಸುಳಿವು ಕೊಡುವವರ ಗುಂಪು. ನೂರಾರು ಸುಳಿವುಗಳು ಬಂದವು, ಒಂದೂ ನಿಲ್ಲಲಿಲ್ಲ. ಒಮ್ಮೆ ಬರಿಗೈಯಲ್ಲಿ ಫಿಲಡೆಲ್ಫಿಯಾಕ್ಕೆ ಹೋಗಿ ಬಂದ. ವಿಮಾ ಕಂಪೆನಿಯ ತನಿಖೆದಾರನೊಬ್ಬನನ್ನು ಜೊತೆ ಮಾಡಿಕೊಂಡು ಮತ್ತೆ ಹೊರಟ. ಕೊನೆಗೆ ಇಂಡಿಯಾನಾಪೊಲಿಸ್ ಸುತ್ತಮುತ್ತ ನೋಡದೆ ಉಳಿದ ಊರು ಅರ್ವಿಂಗ್‌ಟನ್ ಒಂದೇ. ಆಗಸ್ಟ್ 27ರಂದು ಅಲ್ಲಿಗೆ ಹೋಗಿ ಒಬ್ಬ ವಯಸ್ಸಾದ ದಲ್ಲಾಳಿಗೆ ಫೋಟೋ ತೋರಿಸಿದ. ಮುದುಕ ದಿಟ್ಟಿಸಿ ನೋಡಿ, ಇವನೇ ಎಂದ.

ಆ ಮನೆಯ ಹೊಗೆಗೂಡಿನ ಬೂದಿಯಲ್ಲಿ ಹೊವಾರ್ಡ್‌ನ ಹಲ್ಲು, ಮೂಳೆಯ ಚೂರುಗಳು ಸಿಕ್ಕವು. ಅಲ್ಲಿಯೂ ಒಂದು ದೊಡ್ಡ ಒಲೆ ಇತ್ತು. ಸಿನ್ಸಿನಾಟಿಯಲ್ಲಿ ಪಕ್ಕದ ಮನೆಯಾಕೆಯ ಕಣ್ಣು ತಡೆದದ್ದನ್ನು ಇಲ್ಲಿ ತಡೆಯುವವರು ಇರಲಿಲ್ಲ. ತಗಡಿನ ಗೊಂಬೆ ಕೂತ ಬುಗುರಿಯೊಂದೂ ದೊರೆಯಿತು. 1893ರಲ್ಲಿ ಷಿಕಾಗೊದ ವಿಶ್ವಮೇಳದಲ್ಲಿ ಅಪ್ಪ ಅವನಿಗೆ ಕೊಡಿಸಿದ್ದು. ಮಕ್ಕಳನ್ನು ಹೋಮ್ಸ್‌ನ ಜೊತೆ ಕಳುಹಿಸುವಾಗ ಅಮ್ಮ ತಾನೇ ಅದನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಎಂಟು ವರ್ಷದ ಹುಡುಗ. ವಿಶ್ವಮೇಳವೆಂದರೆ ಸ್ವಾಮಿ ವಿವೇಕಾನಂದರು ಭಾಷಣ ಮಾಡಿದ ಧರ್ಮಸಂಸತ್ತು ನಡೆದ ಮೇಳ ಎಂದು ನಮ್ಮ ಮಕ್ಕಳಿಗೆ ಗೊತ್ತು. ಅದೇ ವರ್ಷ, ಅದೇ ಮೇಳದಲ್ಲಿ ಒಬ್ಬ ಬಡಗಿ ಮಗನಿಗೆ ಬುಗುರಿ ಕೊಂಡ ಸಂಗತಿಯೂ ಇತಿಹಾಸವೇ.

ಹೋಮ್ಸ್‌ನ ವಿಚಾರಣೆ ಫಿಲಡೆಲ್ಫಿಯಾದಲ್ಲಿ 1895ರ ಅಕ್ಟೋಬರ್ 28ರಂದು ಆರಂಭವಾಯಿತು. ಆರೋಪ ಬೆಂಜಮಿನ್ ಪಿಟೆಜೆಲ್‌ನ ಕೊಲೆ ಒಂದೇ. ಮಕ್ಕಳ ಕೊಲೆಯ ಸಾಕ್ಷ್ಯವನ್ನು ನ್ಯಾಯಾಧೀಶರು ಆ ಮೊಕದ್ದಮೆಯೊಳಗೆ ಬಿಡಲಿಲ್ಲ. ಅಪರಾಧ ಸಾಬೀತಾಗಿ 1896ರ ಮೇ 7ರಂದು ಅವನನ್ನು ಗಲ್ಲಿಗೇರಿಸಿದರು. ಆಲಿಸ್, ನೆಲ್ಲಿ, ಹೊವಾರ್ಡ್ ಹೆಸರಿನಲ್ಲಿ ಯಾವ ನ್ಯಾಯಾಲಯವೂ ತೀರ್ಪು ಕೊಟ್ಟದ್ದಿಲ್ಲ. ಗೈಯರ್ ಅದೇ 1896ರಲ್ಲಿ ಈ ಹುಡುಕಾಟದ ಬಗ್ಗೆ ಪುಸ್ತಕ ಬರೆದ. ಮಕ್ಕಳ ಕಾಗದಗಳು ಇಂದು ನಮಗೆ ಓದಲು ಸಿಗುವುದು ಅದರಿಂದಲೇ.

ಯಾರ ಕಥೆ ಉಳಿಯಿತು?

ಈಗ ನಮ್ಮ ಪಾಠಕ್ಕೆ ಬರೋಣ.

ಹೋಮ್ಸ್‌ನ ಹೆಸರು ಇಂದು ಲೋಕಪ್ರಸಿದ್ಧ. ಷಿಕಾಗೊದಲ್ಲಿ ಅವನು ಕಟ್ಟಿಸಿದ ಕಟ್ಟಡಕ್ಕೆ 'ಕೊಲೆಯ ಕೋಟೆ' ಎಂದು ಹೆಸರಾಯಿತು. ಗುಪ್ತ ಬಾಗಿಲು, ವಿಷಾನಿಲದ ಕೋಣೆ, ನೂರಾರು ಹೆಣ ಎಂದೆಲ್ಲ ಪತ್ರಿಕೆಗಳು ಬರೆದವು. ಹಣಕ್ಕಾಗಿ ಅವನೂ ಒಂದು ತಪ್ಪೊಪ್ಪಿಗೆ ಬರೆದುಕೊಟ್ಟು 27 ಕೊಲೆ ಎಂದ. ಆ ಪಟ್ಟಿಯಲ್ಲಿದ್ದ ಕೆಲವರು ಜೀವಂತವಾಗಿದ್ದರು! ಸಂಖ್ಯೆ ಮಾತ್ರ ಬೆಳೆಯುತ್ತಲೇ ಹೋಗಿ ಇನ್ನೂರು ಮುಟ್ಟಿತು. ದಾಖಲೆ ಹಿಡಿದು ನೋಡಿದ ಈಚಿನ ಸಂಶೋಧಕರು ಇದರಲ್ಲಿ ಬಹುಪಾಲು ಬೆಳೆಸಿದ ಕಥೆ ಎಂದು ತೋರಿಸಿಕೊಟ್ಟಿದ್ದಾರೆ. ಅವನು ಗಲ್ಲಿನಿಂದ ತಪ್ಪಿಸಿಕೊಂಡ ಎಂಬ ಗಾಳಿಮಾತು ಕೂಡ ನೂರಿಪ್ಪತ್ತು ವರ್ಷ ಬದುಕಿತ್ತು. 2017ರಲ್ಲಿ ಗೋರಿ ತೆರೆದು ನೋಡಿದರು. ಅವನೇ ಇದ್ದ. ಗುರುತು ಸಿಕ್ಕಿದ್ದು ಅವನದ್ದೂ ಹಲ್ಲಿನಿಂದ.

ಕೊಲೆಗಾರನ ಬಗ್ಗೆ ದಂತಕಥೆ, ಮಕ್ಕಳ ಬಗ್ಗೆ ಮೌನ. ಇದು ಲೋಕದ ರೂಢಿ. ಆದರೆ ಸತ್ಯ ಉಳಿದಿರುವುದು ಎಲ್ಲಿ ಎಂದು ನೋಡಿ. ಹೋಟೆಲ್ ಗುಮಾಸ್ತ ಬರೆದ ಒಂದು ಸಾಲಿನಲ್ಲಿ. ಮುದುಕ ರೈವ್ಸ್‌ನ ನೆನಪಿನಲ್ಲಿ. ಒಂದು ಸನಿಕೆಯಲ್ಲಿ, ಒಂದು ಮರದ ಮೊಟ್ಟೆಯಲ್ಲಿ. ಎಲ್ಲಕ್ಕಿಂತ ಹೆಚ್ಚಾಗಿ, ಬೇಜಾರಾಗಿ ಕುಳಿತ ಇಬ್ಬರು ಹುಡುಗಿಯರು ಬರೆದ ಕಾಗದಗಳಲ್ಲಿ. ಇತಿಹಾಸಕಾರ ಆಧಾರ ಎನ್ನುವುದು ಇವುಗಳನ್ನೇ.

ನಮ್ಮ ಶಾಲೆಯ ದಾಖಲಾತಿ ಪುಸ್ತಕ ತೆರೆದಾಗ ನಮಗೆ ಆ 'ಕ್ಯಾನಿಂಗ್' ನೆನಪಾಗುತ್ತದೆ. ಇಲ್ಲಿ ಒಂದೇ ಮಗುವಿನ ಹೆಸರು ಕನ್ನಡದಲ್ಲಿ ಒಂದು ಬಗೆ, ಮಲಯಾಳದಲ್ಲಿ ಇನ್ನೊಂದು ಬಗೆ, ಇಂಗ್ಲಿಷಿನಲ್ಲಿ ಮತ್ತೊಂದು ಬಗೆ. ಮನೆಯ ಹೆಸರು ಒಮ್ಮೆ ಮುಂದೆ, ಒಮ್ಮೆ ಹಿಂದೆ, ಒಮ್ಮೆ ಇಲ್ಲವೇ ಇಲ್ಲ. ಯಾರಾದರೂ ಬರೆದುಕೊಳ್ಳಲಿ, ಹೇಗಾದರೂ ನಡೆದೀತು ಎನ್ನುವವರು ನಮ್ಮಲ್ಲಿ ಬಹಳ. ನಡೆಯುವುದಿಲ್ಲ. ಎಲ್ಲೋ ಒಂದು ದಿನ ಒಬ್ಬರು ಒಂದು ಮಗುವನ್ನು ಹುಡುಕಿಕೊಂಡು ಬಂದರೆ ಅವರ ಕೈಗೆ ಸಿಗುವುದು ನಾವು ಬರೆದ ಆ ಒಂದು ಸಾಲು ಮಾತ್ರ.

ಇನ್ನು ಪತ್ರಲೇಖನ. ಪರೀಕ್ಷೆಯಲ್ಲಿ ಮಕ್ಕಳು 'ನಾನು ಇಲ್ಲಿ ಕ್ಷೇಮ, ನೀವೂ ಕ್ಷೇಮವೆಂದು ನಂಬಿರುತ್ತೇನೆ' ಎಂದು ಬರೆದು ಸಹಿ ಹಾಕಿಬಿಡುತ್ತಾರೆ. ಐದಕ್ಕೆ ಮೂರು ಅಂಕ ಗ್ಯಾರಂಟಿ. ಈ ಕಥೆ ಹೇಳಿದ ಮೇಲೆ ನಾವು ಬೇರೆ ರೀತಿಯಲ್ಲಿ ಬರೆಸುತ್ತೇವೆ. ಕಾಗದ ಬರೆಯುವಾಗ ನೀನು ಎಲ್ಲಿದ್ದೀ ಎಂದು ಬರೆ. ಏನು ತಿಂದೆ, ಬೀದಿ ಹೇಗಿದೆ, ಚಳಿಯೋ ಸೆಖೆಯೋ ಬರೆ. ನಿನ್ನ ಜೊತೆ ಯಾರಿದ್ದಾರೆ ಎಂದು ಬರೆ. ಜೊತೆಯಲ್ಲಿ ಯಾರು ಇಲ್ಲ ಎಂಬುದನ್ನೂ ಮರೆಯದೆ ಬರೆ.

ಆಲಿಸ್ ಅದನ್ನು ಬರೆದಿದ್ದಳು. ಆ ಕಾಗದ ಅಜ್ಜ ಅಜ್ಜಿಗೆ ತಲುಪಲಿಲ್ಲ. ಮಗಳನ್ನು ಕಳೆದುಕೊಂಡಿದ್ದ ಒಬ್ಬ ಅಪ್ಪನ ಕೈಗೆ ತಲುಪಿತು. ಅವನು ಓದಿ, ಗಡಿ ದಾಟಿ ಹೋಗಿ, ಅವಳನ್ನು ಹುಡುಕಿದ. ಆಮೇಲೆ ಅವಳ ತಮ್ಮನನ್ನೂ.

ಸೇಂಟ್ ವಿನ್ಸೆಂಟ್ ಬೀದಿ ಎಂಬ ಹೆಸರು ಈಗ ಅಲ್ಲಿಲ್ಲ, ಅದು ಟೊರಾಂಟೊದ ದೊಡ್ಡ ಬೇ ರಸ್ತೆಯಲ್ಲಿ ಸೇರಿಹೋಗಿದೆ. 16ನೇ ನಂಬರಿನ ಮನೆಯೂ ಇಲ್ಲ. ಕಾಗದಗಳು ಇವೆ.

ಅಷ್ಟರಲ್ಲಿ ಗಂಟೆ ಬಾರಿಸುತ್ತದೆ, ಮಳೆಯೂ ಬಿಟ್ಟಿರುತ್ತದೆ. ಮಕ್ಕಳು ಎಂದಿನ ಹಾಗೆ ಬೊಬ್ಬೆ ಹೊಡೆಯದೆ ಎದ್ದು ಹೋಗುತ್ತಾರೆ. ಒಂದಿಬ್ಬರು ಮಾತ್ರ ಮೇಜಿನ ಬಳಿ ನಿಲ್ಲುತ್ತಾರೆ. "ಮಾಷ್ಟ್ರೇ, ಆ ಪತ್ತೇದಾರ ಆಮೇಲೆ ಮನೆಗೆ ಹೋದನಾ?" ಹೋದ ಎನ್ನುತ್ತೇವೆ. ಮನೆಯಲ್ಲಿ ಯಾರೂ ಇರಲಿಲ್ಲ ಎಂಬುದು ಅವರಿಗೂ ಗೊತ್ತು, ನಮಗೂ ಗೊತ್ತು.